ಹಗ್ಗ ಹರಿದಿರಲಿಲ್ಲ

ಹೋದ ವರ್ಷದ ನಮ್ಮ ವಾರ್ಷಿಕ ಸಂಚಿಕೆಯ ಕೊನೆಯ ಪುಟಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ವರದಿಯೊಂದು ಅಚ್ಚಾಗಿದ್ದಿತು. ಇಂಥ ವರದಿಗಳನ್ನು ಯಾರೂ ಓದುವದಿಲ್ಲವೆಂದು ನಾನು ತಿಳಿದಿದ್ದೆ. ಬರೆದವನು ಕೂಡ ತನ್ನ ಹೆಸರು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬದನ್ನಷ್ಟೆ ನೋಡಿ ಪುಟ ತಿರುವುತ್ತಾನೆ. ಆ ವರದಿಯಲ್ಲಿ ಒಂದು ವಾಕ್ಯವಿದ್ದಿತು: “ಒಣಗಿದ ಬೇವಿನ ಗಿಡವನ್ನು ಕೆಡವುವಾಗ ಹಗ್ಗ ಹರಿದ ಕಾರಣ ಶಿಬಿರಾರ್ಥಿಯೊಬ್ಬನಿಗೆ ಪೆಟ್ಟಾಯಿತು.” ವಾಕ್ಯವೇನೋ ಶುದ್ಧವಾಗಿದೆ. ಕರ್ತೃ, ಕರ್ಮ, ಕ್ರಿಯಾಪದಗಳೆಲ್ಲ ತಮ್ಮ ತಮ್ಮ ಜಾಗದಲ್ಲಿಯೇ ಕುಳಿತಿವೆ. ಅದರಲ್ಲಿರುವ ದೋಷ ಒಂದೇ. ಅದು ಸುಳ್ಳು. ಆ ವರದಿಯನ್ನು ಬರೆದವನು ನಾನು.

ಶಿಬಿರ ನಡೆದದ್ದು 2024ರ ಫೆಬ್ರುವರಿಯಲ್ಲಿ, ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲಿನ ಒಂದು ಊರಿನಲ್ಲಿ. ಏಳು ದಿನ, 50 ಮಂದಿ, ಇಬ್ಬರು ಗುರುಗಳು. ಶಿಬಿರವೆಂದ ಮೇಲೆ ಸಸಿ ಹಚ್ಚುವದು ಇದ್ದೇ ಇರುತ್ತದೆಂದು ನಾವು ತಿಳಿದಿದ್ದೆವು. ಹೋದ ವರ್ಷದವರು ತೋಡಿದ ತೆಗ್ಗಿನಲ್ಲಿ ಈ ವರ್ಷದವರು ಸಸಿ ಇಡುವದು, ಅದನ್ನು ಎಂಟು ಜನ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುವದು, ಬೇಸಿಗೆಯಲ್ಲಿ ಸಸಿ ಒಣಗಿ ಮುಂದಿನ ವರ್ಷದವರಿಗೆ ತೆಗ್ಗು ತಯಾರಾಗಿ ಉಳಿಯುವದು, ಇದು ಎಲ್ಲ ಕಡೆಗೂ ನಡೆದು ಬಂದ ಸಂಪ್ರದಾಯ. ಆದರೆ ಆ ಊರಿನವರು ನಮಗೆ ಒಪ್ಪಿಸಿದ ಕೆಲಸ ತೀರ ವಿರುದ್ಧವಾದದ್ದು. ಶಾಲೆಯ ಅಂಗಳದಲ್ಲಿ ಒಣಗಿ ನಿಂತ ನಾಲ್ಕು ಬೇವಿನ ಗಿಡಗಳನ್ನು ಕೆಡವಬೇಕು! ‘ಹಸಿರೇ ಉಸಿರು’ ಎಂದು ಬರೆದ ಬಟ್ಟೆಯನ್ನು ಕಾಲೇಜಿನಿಂದ ಒಯ್ದಿದ್ದೆವು. ಅದನ್ನು ಯಾವ ಗಿಡಕ್ಕೆ ಕಟ್ಟಬೇಕೆಂಬದೇ ಮೊದಲ ದಿನದ ಸಮಸ್ಯೆಯಾಯಿತು.

ನವಲಗುಂದದ ಸೀಮೆಯನ್ನು ನೋಡದವರಿಗೆ ನಾಲ್ಕು ಗಿಡವೆಂದರೆ ಏನೂ ಅನಿಸಲಿಕ್ಕಿಲ್ಲ. ಅದು ಎರೆಭೂಮಿ. ಬಸ್ಸಿನ ಕಿಡಕಿಯಿಂದ ನೋಡಿದರೆ ಆಕಾಶವು ಹೊಲದ ಬದುವಿಗೇ ಬಂದು ಮುಟ್ಟಿರುತ್ತದೆ, ನಡುವೆ ಅಡ್ಡ ಬರುವಂಥದೇನೂ ಇಲ್ಲ. ನಮ್ಮ ಕಡೆಯಲ್ಲಿ ಮರಕ್ಕೆ ಗಿಡವೆಂದೇ ಅನ್ನುವದನ್ನು ಕೇಳಿ ಮೈಸೂರು ಕಡೆಯವರು ನಗುತ್ತಾರಷ್ಟೆ. ಆ ಬಯಲಿನಲ್ಲಿ ನಿಂತು ನೋಡಿದರೆ ನಗುವದಿಲ್ಲ. ಅಲ್ಲಿ ಇರುವ ಗಿಡಗಳನ್ನು ಬೆರಳಿನಿಂದ ಎಣಿಸಬಹುದು, ಪ್ರತಿಯೊಂದಕ್ಕೂ ಗುರುತು ಇರುತ್ತದೆ. ಒಲೆಗೆ ಹಾಕುವದು ಕೂಡ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಮತ್ತು ಕುಳ್ಳು. ಇನ್ನು ಬೆಣ್ಣಿಹಳ್ಳ. ಹೆಸರಿನಲ್ಲಿ ಬೆಣ್ಣೆಯಿದ್ದರೂ ಅದರ ಸ್ವಭಾವ ಬೆಣ್ಣೆಯದಲ್ಲ. ಕುಂದಗೋಳ, ನವಲಗುಂದಗಳ ಹೊಲಗಳ ನಡುವೆ ಹರಿದು ಮಲಪ್ರಭೆಯನ್ನು ಕೂಡುವ ಈ ಹಳ್ಳವನ್ನು ಬೇಸಿಗೆಯಲ್ಲಿ ಕಾಲ್ಮರಿ ತೋಯಿಸದೆ ದಾಟಬಹುದು; ಮಳೆಗಾಲದಲ್ಲಿ ಒಂದು ರಾತ್ರಿಯಲ್ಲಿ ಊರ ಬಾಗಿಲಿಗೆ ಬಂದು ನಿಂತಿರುತ್ತದೆ. 2019ರ ಆಗಸ್ಟಿನ ಮಹಾಪೂರದಲ್ಲಿ ಶಾಲೆಯ ಅಂಗಳದಲ್ಲಿ ನೀರು ನಿಂತಿತು. ಎರೆಮಣ್ಣು ಕುಡಿದ ನೀರನ್ನು ಬೇಗನೆ ಬಿಟ್ಟುಕೊಡುವದಿಲ್ಲ. ಬೇವು ಬರಗಾಲವನ್ನು ತಾಳುವ ಗಿಡವೇ ಹೊರತು ಬುಡದಲ್ಲಿ ನಿಂತ ನೀರನ್ನು ತಾಳುವ ಗಿಡವಲ್ಲ, ಬೇರು ಕೊಳೆಯತೊಡಗಿದವು. ಅರೆಜೀವವಾಗಿ ಉಳಿದ ಗಿಡಗಳನ್ನು 2023ರ ಬರ ಪೂರ್ತಿ ಮುಗಿಸಿತು. ಯುಗಾದಿಗೆ ಊರ ಮಕ್ಕಳೆಲ್ಲ ಬೇವಿನ ಹೂ ತರುತ್ತಿದ್ದದ್ದು ಆ ಗಿಡಗಳಿಂದಲೇ ಅಂತೆ. ಅದೇ ಚಳಿಗಾಲದಲ್ಲಿ ಒಂದು ಟೊಂಗೆ ತಾನಾಗಿಯೇ ಮುರಿದು ಶಾಲೆಯ ಹೆಂಚಿನ ಮೇಲೆ ಬಿದ್ದಿತು. ಪುಣ್ಯಕ್ಕೆ ಅಂದು ರವಿವಾರ.

ಸತ್ತ ಗಿಡವನ್ನು ಕಡಿಯುವದಕ್ಕೂ ಅಪ್ಪಣೆ ಬೇಕೆಂಬದು ನಮಗಾರಿಗೂ ಗೊತ್ತಿರಲಿಲ್ಲ. ರಾಜ್ಯಶಾಸ್ತ್ರದ ಗುರುಗಳು ರಾತ್ರಿಯ ಉಪನ್ಯಾಸದಲ್ಲಿ ತಿಳಿಸಿದರು: 1976ರ ಮರಗಳ ಸಂರಕ್ಷಣೆಯ ಕಾಯ್ದೆಯಂತೆ ವೃಕ್ಷಾಧಿಕಾರಿಗಳಿಗೆ ಅರ್ಜಿ ಕೊಡಬೇಕು, ಆದರೆ ಗಿಡ ಸತ್ತಿದ್ದರೆ, ರೋಗ ಹತ್ತಿದ್ದರೆ, ಗಾಳಿಗೆ ಬಿದ್ದಿದ್ದರೆ ಅವರು ಅಪ್ಪಣೆಯನ್ನು ನಿರಾಕರಿಸುವಂತಿಲ್ಲ. ಅಪ್ಪಣೆಯ ಕಾಗದ ಆಗಲೇ ಬಂದಿದ್ದಿತು. ನಮ್ಮ ಮುಖ ಬಾಡಿದ್ದನ್ನು ಕಂಡು ಅವರು ಇನ್ನೊಂದು ಕಥೆಯನ್ನೂ ಹೇಳಿದರು. 1987ರ ನವೆಂಬರ 14ರಂದು ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ, ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆದಿತ್ತು. ಊರಿನವರ ಉಪಯೋಗದ ನೆಲದಲ್ಲಿ ಬೆಳೆಸಿದ ನೀಲಗಿರಿಯ ಸಸಿಗಳನ್ನು ಜನರು ಕಿತ್ತು, ತಮಗೆ ಬೇಕಾದ ಸಸಿಗಳನ್ನು ಅಲ್ಲಿ ಹಚ್ಚಿದರು. ಕೀಳುವದು ಎಲ್ಲ ಕಾಲಕ್ಕೂ ಪಾಪವಲ್ಲವೆಂದು ಕೇಳಿ ನಮಗೆ ಸಮಾಧಾನವಾಯಿತು. ಬಟ್ಟೆಯನ್ನು ಶಾಲೆಯ ಗೋಡೆಗೆ ಕಟ್ಟಿದೆವು.

ಮರುದಿನ ಮುಂಜಾನೆ ಕಲಘಟಗಿಯ ಕಡೆಯಿಂದ ಯಂತ್ರದವನು ಬಂದ. ಅಡವಿಯ ಸೆರಗಿನವನು, ಐವತ್ತರ ಆಸುಪಾಸಿನ ಒಣಕಲು ಮನುಷ್ಯ. ಅರ್ಧ ತಾಸಿನಲ್ಲಿ ಅವನು ನಮಗೆಲ್ಲ ‘ಕಾಕಾ’ ಆದ. ಚೈನ್‌ಸಾ ಎಂಬ ಯಂತ್ರಗರಗಸವನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಐದಾರು ಕಿಲೋ ಭಾರ. ಮುಂದೆ ಉದ್ದನ್ನ ಕಬ್ಬಿಣದ ಪಟ್ಟಿ. ಅದರ ಅಂಚಿನ ಸುತ್ತ ಸೈಕಲ್ಲಿನ ಚೈನಿನಂಥ ಸರಪಳಿ, ಅದಕ್ಕೆ ಹಲ್ಲುಗಳು. ಪೆಟ್ರೋಲಿನಲ್ಲಿ ಎಣ್ಣೆ ಬೆರಸಿ ಹೊಟ್ಟೆಗೆ ಹಾಕಬೇಕು, ಸರಪಳಿಗೆ ಕುಡಿಸುವ ಎಣ್ಣೆ ಬೇರೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬವನು 1926ರಲ್ಲಿ ಮಾಡಿದ ಮೊದಲ ಯಂತ್ರವನ್ನು ಹಿಡಿಯಲು ಇಬ್ಬರು ಬೇಕಾಗುತ್ತಿತ್ತಂತೆ. ಕಾಕಾ ಒಂದೇ ಕೈಯಲ್ಲಿ ತೂಗಾಡಿಸುತ್ತ ತಂದ. ಅದನ್ನು ಒಮ್ಮೆ ಹಿಡಿಯಬೇಕೆಂಬ ಆಸೆ ನಮಗೆಲ್ಲರಿಗೂ ಆಯಿತು. ಅವನು ಯಾರಿಗೂ ಮುಟ್ಟಗೊಡಲಿಲ್ಲ.

“ಗಿಡಾ ಸತ್ತೈತಿ ಅಂತ ಹಗುರ ತಿಳೀಬ್ಯಾಡ್ರಿ ತಮ್ಮಾ,” ಎಂದ. “ಹಸಿಗಿಡಾ ಹೇಳಿ ಬೀಳತೈತಿ. ಒಣಗಿಡಾ ಹೇಳದ ಬೀಳತೈತಿ.”

ಈ ಮಾತಿನ ಅರ್ಥವನ್ನು ಅವನು ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ತೋರಿಸಿದ. ಗಿಡ ಯಾವ ದಿಕ್ಕಿಗೆ ಬೀಳಬೇಕೋ ಆ ಮಗ್ಗುಲಿಗೆ ಮೊದಲು ಒಂದು ಕಚ್ಚು ತೆಗೆಯಬೇಕು. ಆಮೇಲೆ ಹಿಂದಿನಿಂದ ಕೊಯ್ಯುತ್ತ ಬರಬೇಕು. ಆದರೆ ಪೂರ್ತಿ ಕೊಯ್ಯಬಾರದು, ನಡುವೆ ನಾಲ್ಕು ಬೆರಳು ದಪ್ಪದ ಪಟ್ಟಿಯನ್ನು ಬಿಡಬೇಕು. ಅದು ಬಾಗಿಲಿಗೆ ಕೀಲು ಇದ್ದ ಹಾಗೆ. ಹಸಿಗಿಡದಲ್ಲಿ ಈ ಕೀಲು ತೊಗಲಿನಂತೆ ಬಾಗುತ್ತದೆ. ಗಿಡ ನಿಧಾನವಾಗಿ, ಸಪ್ಪಳ ಮಾಡುತ್ತ, ಹೇಳಿದ ಕಡೆಗೇ ಒರಗುತ್ತದೆ. ಒಣಗಿಡದಲ್ಲಿ ಅದು ಹಪ್ಪಳದಂತೆ ಫಟ್ಟೆಂದು ಮುರಿಯುತ್ತದೆ. ಅದಲ್ಲದೆ ಬುಡದಲ್ಲಿ ಯಂತ್ರ ನಡುಗಿಸಿದರೆ ಮೇಲಿನ ಒಣ ಟೊಂಗೆ ಕಳಚಿ ಕೊಯ್ಯುವವನ ತಲೆಯ ಮೇಲೆಯೇ ಬರುತ್ತದೆ. ಆದ್ದರಿಂದ ಅವನದು ಮೂರೇ ಕಟ್ಟಳೆ. ಗಿಡದ ಎತ್ತರದ ಎರಡು ಪಟ್ಟು ದೂರದೊಳಗೆ ಕೆಲಸವಿಲ್ಲದವರು ಬರಬಾರದು. ಯಂತ್ರ ನಡೆದಾಗ ಕೂಗಬಾರದು, ಕೈಸನ್ನೆ ಮಾಡಬೇಕು. ಹಗ್ಗ ಹಿಡಿದವನ ಕಣ್ಣು ಗಿಡದ ತುದಿಯಿಂದ ಕದಲಬಾರದು.

ಮೂರು ಗಿಡಗಳು ಮಧ್ಯಾಹ್ನದೊಳಗೆ ಉರುಳಿದವು. ಯಂತ್ರದ ಬಾಯಿಂದ ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಹಾರಿ ಹುಡುಗರೆಲ್ಲ ಗಿರಣಿಯಿಂದ ಬಂದವರಂತೆ ಕಂಡರು. ನಾವು ಟೊಂಗೆ ಎಳೆದೆವು, ಹುಡುಗಿಯರು ನಮಗಿಂತ ಅಚ್ಚುಕಟ್ಟಾಗಿ ಕಟ್ಟಿಗೆಯನ್ನು ಒಟ್ಟಿದರು. ಸಣ್ಣ ಕಟ್ಟಿಗೆ ಬಿಸಿಯೂಟದ ಒಲೆಗೆ, ದಿಮ್ಮಿಗಳು ಪಂಚಾಯತಿಯ ಲಿಲಾವಿಗೆ ಎಂದು ಗೊತ್ತಾಗಿದ್ದಿತು. ಮುಖ್ಯಾಧ್ಯಾಪಕರು ಮಾತ್ರ ಒಂದೊಂದೇ ದಿಮ್ಮಿಯನ್ನು ಎಣಿಸಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕಾರಣ ಕೇಳಿದರೆ, “ಹೋಳಿಹುಣ್ಣಿವಿ ಮುಂದ ಐತ್ರೀ,” ಎಂದರು. ರಾಮಲಿಂಗ ಕಾಮಣ್ಣನ ತಾಲೂಕು ಅದು. ಕಾಮಣ್ಣನ ಹೆಸರಿನಲ್ಲಿ ಕಟ್ಟಿಗೆ ಕದಿಯುವದು ಕಳವಿನ ಲೆಕ್ಕಕ್ಕೆ ಬರುವದಿಲ್ಲ. ಗೋಡೆಯ ಆಚೆ ಸಾಲಾಗಿ ಕುಳಿತ ಊರ ಹುಡುಗರು ಕೂಡ ದಿಮ್ಮಿಗಳನ್ನು ಎಣಿಸುತ್ತಿದ್ದದ್ದು ನನಗೆ ಕಾಣಿಸಿತು.

ನಾಲ್ಕನೆಯ ಗಿಡ ಎಲ್ಲಕ್ಕಿಂತ ದೊಡ್ಡದು, ಮತ್ತು ಶಾಲೆಯ ಕಡೆಗೆ ವಾಲಿದ್ದಿತು. ಕಾಕಾ ಕೊಡಲಿಯ ಹಿಂಬದಿಯಿಂದ ಕಾಂಡವನ್ನು ತಟ್ಟಿ ಕಿವಿಗೊಟ್ಟು ಕೇಳಿದ. ಕೆಳಗೆ ಗಟ್ಟಿ, ಆಳೆತ್ತರದ ಮೇಲೆ ಡೊಳ್ಳು. ಅವನ ಮುಖ ಸಪ್ಪಗಾಯಿತು. ಇದನ್ನು ಹಗ್ಗ ಕಟ್ಟಿ ಬಯಲಿನ ಕಡೆಗೆ ಎಳೆದೇ ಕೆಡವಬೇಕು, ತನ್ನ ನೈಲಾನ ಹಗ್ಗ ಸಾಲದು ಎಂದ. ಆಗ ಶಾಲೆಯ ಎದುರುಮನೆಯ ಅಜ್ಜ ತನ್ನ ಹಗ್ಗ ತಂದುಕೊಟ್ಟ. ಕಣಿಕೆ ಹೇರಿದ ಚಕ್ಕಡಿಗೆ ಬಿಗಿಯುವ ಹಗ್ಗ, ಪುಂಡಿ ನಾರಿನದು. ನಾವು ಪಲ್ಯ ಮಾಡಿಕೊಂಡು ತಿನ್ನುವ ಪುಂಡಿಯ ದಂಟನ್ನೇ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು ಒಣಗಿಸಿ ಅಜ್ಜ ತಾನೇ ಹೊಸೆದದ್ದು. ಕಾಕಾ ಅದನ್ನು ಮೊಳ ಮೊಳ ಸರಿಸಿ ನೋಡಿದ, ಕಾಲಿನಿಂದ ಮೆಟ್ಟಿ ಜಗ್ಗಿದ. “ಇದು ಹರಿಯೂ ಹಗ್ಗಲ್ಲ,” ಎಂದು ತನ್ನ ಹಗ್ಗಕ್ಕೆ ಗಂಟು ಹಾಕಿದ. ಅಜ್ಜ ಏನೂ ಅನ್ನಲಿಲ್ಲ, ಮೀಸೆಯಲ್ಲಿಯೇ ನಕ್ಕ.

ಬಯಲಿನ ಕಡೆಗೆ ಆರು ಜನ ಹಗ್ಗ ಜಗ್ಗುವವರು. ಅವರ ಹಿಂದೆ ಗೇಟಿನ ಕಲ್ಲುಕಂಬಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿ ತುದಿಯನ್ನು ನನ್ನ ಕೈಯಲ್ಲಿ ಕೊಟ್ಟರು. ಆರು ಜನ ಜಗ್ಗಿ ಗಳಿಸಿದ್ದನ್ನು ನಾನು ಬಿಗಿಹಿಡಿದು ಉಳಿಸಬೇಕು. ಅವರು ಕೈ ಬದಲಿಸುವಾಗ ಗಿಡದ ಭಾರವೆಲ್ಲ ಕಂಬದ ಮೇಲೆ ಮತ್ತು ನನ್ನ ಮೇಲೆ. ನನ್ನ ಮೈಕಟ್ಟನ್ನು ನೋಡಿಯೇ ಕಾಕಾ ನನ್ನನ್ನು ಆರಿಸಿದ್ದ. ಆಚೆ, ಶಾಲೆಯ ಮಗ್ಗುಲಿಗೆ, ಕಾಕಾ ಯಂತ್ರ ಹಿಡಿದು ನಿಂತ. ಅವನಿಂದ ಹತ್ತು ಹೆಜ್ಜೆ ಓರೆಯಾಗಿ ಹಿಂದೆ, ಎಣ್ಣೆಯ ಡಬ್ಬಿ ಹಿಡಿದುಕೊಂಡು, ನನ್ನ ಗೆಳೆಯ. ಅಣ್ಣಿಗೇರಿಯ ಕಡೆಯ ರೈತರ ಹುಡುಗ, ಮೊದಲ ವರ್ಷದಿಂದಲೂ ನನ್ನ ಬೆಂಚಿನವನು.

ಕಚ್ಚು ತೆಗೆದದ್ದಾಯಿತು. ಹಿಂದಿನ ಕೊಯ್ತ ಅರ್ಧಕ್ಕೆ ಬಂದಿತು. ಜಗ್ಗುವವರು ಕೈ ಬದಲಿಸಲು ಹಗ್ಗ ಸಡಿಲಿಸಿದರು. ಆ ಕ್ಷಣದಲ್ಲಿಯೇ ಗಿಡದ ಪೊಟರೆಯಿಂದ ಒಂದು ಹಾಲಕ್ಕಿ ಹೊರಬಿದ್ದಿತು. ಹಾಡುಹಗಲು ಹಾಲಕ್ಕಿ! ಗೋಡೆಯ ಮೇಲಿನ ಹುಡುಗರು ಕಿರುಚಿದರು. ಗುಂಡನೆಯ ತಲೆ, ಹಳದಿ ಕಣ್ಣು, ಕಂದು ಮೈಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಬಿಸಿಲಿಗೆ ದಿಕ್ಕು ತಪ್ಪಿ ನನ್ನ ತಲೆಯ ಮೇಲೆಯೇ ಹಾರಿ ಬಂದಿತು. ನಾನು ಬಲಗೈಯಿಂದ ಕಿಸೆಯಲ್ಲಿನ ಮೊಬೈಲು ತೆಗೆದೆ. ಫೋಟೋ ಹೊಡೆದೆ.

ಎಡಗೈಯೊಳಗಿನಿಂದ ಹಗ್ಗ ಸರ್ರನೆ ಓಡಿತು. ಅಂಗೈ ಸುಟ್ಟಿತು, ಬಿಟ್ಟೆ.

ಮುಂದಿನದು ನಾಲ್ಕು ಉಸಿರಿನಷ್ಟು ಹೊತ್ತು. ಗಿಡ ಶಾಲೆಯ ಕಡೆಗೆ ಹಿಂದೊರಗಿ ಯಂತ್ರದ ಪಟ್ಟಿಯ ಮೇಲೆ ಕುಳಿತಿತು. ಆ ಜರ್ಕಿಗೆ ಮೇಲಿನ ಟೊಂಗೆ ಲಟಕ್ಕೆಂದಿತು. ಕಾಕಾನ ಕಿವಿಗೆ ಮುಚ್ಚಳವಿದ್ದಿತು, ಅವನಿಗೆ ಕೇಳಿಸಲಿಲ್ಲ; ಅವನು ಸಿಕ್ಕಿಬಿದ್ದ ಯಂತ್ರವನ್ನು ನೋಡುತ್ತಿದ್ದ. ನನ್ನ ಗೆಳೆಯ ಡಬ್ಬಿ ಒಗೆದು ಓಡಿ, ಅವನ ಅಂಗಿಯ ಬೆನ್ನು ಹಿಡಿದು ಜಗ್ಗಿದ. ಇಬ್ಬರೂ ಬಿದ್ದರು. ಟೊಂಗೆಯ ತುದಿ ಗೆಳೆಯನ ಬಲ ಹೆಗಲಿಗೆ ಬಡಿಯಿತು. ಆರು ಜನ ಒದರುತ್ತ ಹಗ್ಗಕ್ಕೆ ಜೋತುಬಿದ್ದರು. ಕೀಲು ಮುರಿದು ಗಿಡ ಓರೆಯಾಗಿ ಅಂಗಳದ ಕಟ್ಟೆಯ ಮೇಲೆ ಅಪ್ಪಳಿಸಿತು. ಅಜ್ಜನ ಹಗ್ಗ ಕಾಂಡಕ್ಕೂ ಕಟ್ಟೆಯ ಕಲ್ಲಿನ ಅಂಚಿಗೂ ನಡುವೆ ಸಿಕ್ಕು ಎರಡು ತುಂಡಾಯಿತು.

ಧೂಳು ಇಳಿದ ಮೇಲೆ ಎಲ್ಲರಿಗೂ ಕಂಡದ್ದು ಆ ಎರಡು ತುಂಡುಗಳು. “ಹಗ್ಗ ಹರೀತು,” ಎಂದು ಯಾರೋ ಅಂದರು. ಹಕ್ಕಿಯನ್ನು ನೋಡುತ್ತಿದ್ದವರಲ್ಲಿ ನನ್ನ ಕೈಯನ್ನು ನೋಡಿದವರು ಒಬ್ಬರೂ ಇರಲಿಲ್ಲ. ಕಾಕಾ ಮಾತ್ರ ತುಂಡಿನ ತುದಿಯನ್ನು ತಿರುತಿರುವಿ ನೋಡಿ, ನನ್ನ ಕಡೆಗೊಮ್ಮೆ ನೋಡಿ, “ಹೆಂಗ ಹರೀತಿದು?” ಎಂದ. ನಾನು ಅಂಗೈ ಮುಚ್ಚಿಕೊಂಡೆ. ಗೆಳೆಯನನ್ನು ಟಂಟಂನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೋದೆವು. ಹೆಗಲಿನ ಎಲುಬು ಮುರಿದಿದ್ದಿತು; ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡಿರಬೇಕೆಂದರು.

ವರದಿ ಬರೆಯುವ ಹೊತ್ತು ಬಂದಿತು. ಮೊದಲು ‘ಹಗ್ಗ ಜಾರಿದ ಕಾರಣ’ ಎಂದು ಬರೆದೆ. ಜಾರಿತು ಎಂದರೆ ಯಾರ ಕೈಯಿಂದ ಎಂದು ಓದಿದವರು ಕೇಳಬಹುದು. ಹರಿಯಿತು ಎಂದರೆ ಯಾರೂ ಏನೂ ಕೇಳುವದಿಲ್ಲ. ‘ಜಾರಿದ’ ಎಂಬದನ್ನು ಹೊಡೆದು ‘ಹರಿದ’ ಎಂದು ತಿದ್ದಿದೆ. ಒಂದು ಶಬ್ದವನ್ನು ಇಷ್ಟು ಎಚ್ಚರದಿಂದ ನಾನು ಯಾವ ಪರೀಕ್ಷೆಯಲ್ಲಿಯೂ ಆರಿಸಿಲ್ಲ.

ಆ ಆರು ವಾರ ಗೆಳೆಯನ ಟಿಪ್ಪಣಿಗಳನ್ನೆಲ್ಲ ನಾನೇ ಬರೆದುಕೊಟ್ಟೆ. ತರಗತಿಯಲ್ಲಿ ಒಂದು ಪ್ರತಿ ನನಗೆ. ರಾತ್ರಿ ವಸತಿಗೃಹದಲ್ಲಿ ಇನ್ನೊಂದು ಅವನಿಗೆ. ಅಷ್ಟು ನೀಟಾದ ಅಕ್ಷರ ನನ್ನ ಸ್ವಂತದ ವಹಿಯಲ್ಲಿ ಎಂದೂ ಬಿದ್ದಿಲ್ಲ. ಅವನು ಅದನ್ನು ಸ್ನೇಹವೆಂದು ತಿಳಿದ. ಅವನ ಊರಿಗೆ ಹೋದಾಗ ಅವನ ತಾಯಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, “ನೀ ಇದ್ದೀಯಂತ ಧೈರ್ಯ ಐತಿ ನೋಡಪಾ,” ಎಂದರು. ಆ ರೊಟ್ಟಿಯನ್ನು ನಾನು ಹೇಗೆ ನುಂಗಿದೆನೆಂಬದನ್ನು ಬರೆಯುವದು ಬೇಡ. ಎಲುಬು ಕೂಡಿತು, ಅವನು ಪರೀಕ್ಷೆ ಬರೆದ, ಪಾಸಾದ. ಇಲ್ಲಿಗೆ ಮುಗಿಯಿತೆಂದೇ ತಿಳಿದೆ.

2024ರ ಡಿಸೆಂಬರ್ ಕೊನೆಗೆ ಎಳ್ಳ ಅಮಾವಾಸ್ಯೆಗೆ ಆ ಊರಿನ ಮುಖ್ಯಾಧ್ಯಾಪಕರು ಕರೆದರು. ಅಂಗಳದಲ್ಲಿ ಹಚ್ಚಿದ ಸಸಿಗಳನ್ನು ನೋಡಿದ ಹಾಗೂ ಆಯಿತು, ಚರಗದ ಊಟ ಉಂಡ ಹಾಗೂ ಆಯಿತು ಎಂದು ಹೋದೆ. ಅಜ್ಜನ ಅಂಗಳದಲ್ಲಿ ಚಕ್ಕಡಿಗೆ ಹೊಸ ನೈಲಾನ ಹಗ್ಗ ಬಿಗಿದಿದ್ದಿತು. ಪುಂಡಿಯ ಹಗ್ಗದ ಎರಡು ತುಂಡುಗಳು ಪಡಸಾಲೆಯ ಗೂಟಕ್ಕೆ ನೇತಾಡುತ್ತಿದ್ದವು. ನಮ್ಮ ಸಂಚಿಕೆಯ ಒಂದು ಪ್ರತಿಯನ್ನು ಕಾಲೇಜಿನಿಂದ ಶಾಲೆಗೆ ಗೌರವಪ್ರತಿಯಾಗಿ ಕಳಿಸಿದ್ದರಂತೆ. ಅಜ್ಜನ ಮೊಮ್ಮಗಳು ಅದನ್ನು ಮನೆಗೆ ತಂದು, ತಮ್ಮ ಊರಿನ ವಿಷಯ ಬಂದಿದೆಯೆಂದು, ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು.

“ನಲವತ್ತು ವರ್ಷ ಹಗ್ಗಾ ಹೊಸದೇನಿ ತಮ್ಮಾ,” ಎಂದ ಅಜ್ಜ. “ಒಬ್ಬರ ಎತ್ತಿನ ಕೊಳ್ಳಾಗಿಂದೂ ಹರಿದಿಲ್ಲ. ನಿಮ್ಮ ಹುಡುಗನ ಕೈ ಮುರೀತು. ಪುಸ್ತಕದಾಗೂ ಬಂತು. ಈಗ ಯಾರರೆ ಕೇಳಿದ್ರ ಕೊಡಂಗಿಲ್ಲ, ಹೊಸಿಯಂಗೂ ಇಲ್ಲ.” ಸಿಟ್ಟಿನಿಂದ ಹೇಳಲಿಲ್ಲ. ಗೆಳೆಯನ ಕೈ ಈಗ ಹೇಗಿದೆಯೆಂದು ಎರಡು ಸಲ ಕೇಳಿದ. ನಾನು ಚೆನ್ನಾಗಿದೆಯೆಂದೆ. ಚರಗ ಉಂಡೆ. ಬಸ್ಸು ಹತ್ತಿ ಬಂದೆ.

ಅಲ್ಲಿಯೇ ಹೇಳಬಹುದಿತ್ತೆಂದು ನೀವು ಅನ್ನುತ್ತೀರಿ. ಹೌದು, ಹೇಳಬಹುದಿತ್ತು.

ಗೆಳೆಯನಿಗೆ ಹೇಳಿದ್ದು ಎಂಟು ದಿನಗಳ ಮೇಲೆ, ಗ್ರಂಥಾಲಯದ ಹಿಂದಿನ ಕಟ್ಟೆಯ ಮೇಲೆ. ಎಲ್ಲವನ್ನೂ ಹೇಳಿ, ಮೊಬೈಲು ತೆಗೆದು, ಯಾರಿಗೂ ತೋರಿಸದೆ ಇಟ್ಟುಕೊಂಡ ಆ ಫೋಟೋವನ್ನು ಮುಂದೆ ಹಿಡಿದೆ. ಹಾಲಕ್ಕಿಯ ಒಂದು ರೆಕ್ಕೆ, ನೀಲಿ ಆಕಾಶ. ಕೆಳಗಿನ ಮೂಲೆಯಲ್ಲಿ ಕಲ್ಲುಕಂಬ, ಅದರ ಸುತ್ತ ಸಡಿಲಾಗಿ ಎದ್ದ ಹಗ್ಗ. ದೂರದಲ್ಲಿ ಬೆರಳಷ್ಟು ಸಣ್ಣದಾಗಿ ಅವನೇ, ಎಣ್ಣೆಯ ಡಬ್ಬಿ ಹಿಡಿದು ನಿಂತವನು. ಅವನು ಬಹಳ ಹೊತ್ತು ನೋಡಿದ. ಬೈಯಬಹುದು, ಹೊಡೆಯಬಹುದು, ಎದ್ದು ಹೋಗಬಹುದು ಎಂದು ನಾನು ಕಾದೆ. “ಹಕ್ಕಿ ಚಲೋ ಬಂದೈತಿ,” ಎಂದ. ಆಮೇಲೆ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ. ಮೂರನೆಯ ದಿನ ಬಂದು, “ಮುದುಕಗ ಯಾವಾಗ ಹೇಳಾವ?” ಎಂದು ಕೇಳಿದ.

ಸಂಕ್ರಾಂತಿಯ ಮರುದಿನ ಇಬ್ಬರೂ ಹೋದೆವು. ಅಜ್ಜ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದ. ನಾನು ನಿಂತುಕೊಂಡೇ ಹೇಳಿದೆ. ಅಜ್ಜ ಮೊರವನ್ನು ಕೆಳಗಿಟ್ಟು ಕೇಳಿದ. ಮುಗಿದ ಮೇಲೆ ನನ್ನ ಮುಖವನ್ನಾಗಲಿ ಗೆಳೆಯನ ಹೆಗಲನ್ನಾಗಲಿ ನೋಡಲಿಲ್ಲ. ಗೂಟದ ಕಡೆಗೆ ನೋಡಿದ.

“ಹಂಗಾರ ಹಗ್ಗಾ ಹರಿದಿದ್ದಿಲ್ಲ?”

“ಇಲ್ಲ ಅಜ್ಜಾ. ನಾ ಕೈಬಿಟ್ಟೆ. ಹರಿದದ್ದು ಆಮ್ಯಾಲೆ, ಗಿಡದ ಬುಡಕ ಸಿಕ್ಕು.”

“ಪುಸ್ತಕದಾಗ ತಿದ್ದತೀರೇನು?”

“ತಿದ್ದತೀನಿ,” ಎಂದೆ.

ಅಜ್ಜ ಎದ್ದು ಎರಡೂ ತುಂಡುಗಳನ್ನು ಇಳಿಸಿಕೊಂಡ. ಧೂಳು ಝಾಡಿಸಿದ. ಹರಿದ ತುದಿಗಳ ಹುರಿಯನ್ನು ಒಂದು ಗೇಣಿನಷ್ಟು ಬಿಚ್ಚಿ, ಒಂದರೊಳಗೊಂದು ಎಳೆಯನ್ನು ಹಾಯಿಸಿ ಹೆಣೆಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆ ಹಗ್ಗದ ಒಂದು ಕಡೆಯನ್ನು ನನ್ನ ಕಡೆಗೆ ಚಾಚಿದ. ನಾನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತೆ. ಗೆಳೆಯ ಮೊರದೊಳಗಿನ ಕಡಲೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ.